ನೂರು ವರ್ಷದ ಹಾಳೆ

ಪರ್ವರಿ, ಗೋವಾ
12 ಜುಲೈ 1998

ಅಬ್ಬಾ ಅವರಿಗೆ ಮರಿಯಮಳ ಸಲಾಮು.

ನೀವು ಕೈಯಿಂದ ಮಾಡಿ ಕಳಿಸಿದ ಹಾಳೆಯ ಕಟ್ಟು ಮುಟ್ಟಿತು. ಒಂದು ಮೂಲೆಯೂ ಮುದುಡಿಲ್ಲ. ಇಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ, ಗೋಡೆಗಳೂ ಬೆವರುತ್ತಿವೆ. ನಿಮ್ಮ ಅಳಿಯ ಕಟ್ಟನ್ನು ಲಾರಿಯಲ್ಲಿ ತಮ್ಮ ಸೀಟಿನ ಹಿಂದೆ ಹಾಸಿಗೆಯಲ್ಲಿ ಸುತ್ತಿಟ್ಟುಕೊಂಡು ತಂದರು. ನನ್ನನ್ನೂ ಅಷ್ಟು ಜೋಪಾನವಾಗಿ ಎಂದೂ ಕರೆತಂದಿಲ್ಲ.

ನಾನೀಗ ಲೂರ್ದಿನ ಬಾಯಿಯವರ ಮನೆಯಲ್ಲಿ ಪಾತ್ರೆ ತೊಳೆಯುತ್ತಿಲ್ಲ. ಅವರ ಫೋಟೋ ಸ್ಟುಡಿಯೋದಲ್ಲಿ ಹಾಳೆ ನೋಡಿಕೊಳ್ಳುವುದು ನನ್ನ ಕೆಲಸ. ಅವರು ತರಿಸಿದ ಹೊಸ ಯಂತ್ರ ಕಂಪ್ಯೂಟರಿನಲ್ಲಿರುವ ಫೋಟೋವನ್ನು ಶಾಯಿಯ ಸಣ್ಣ ಸಣ್ಣ ಹನಿ ಸಿಂಪಡಿಸಿ ಹಾಳೆಯ ಮೇಲೆ ಮೂಡಿಸುತ್ತದೆ. ಯಾವ ಹಾಳೆ ಹಾಕಿದರೂ ಓಡುತ್ತದೆ, ಆದರೆ ಎಲ್ಲ ಹಾಳೆಯ ಮೇಲೂ ಚಿತ್ರ ನಿಲ್ಲುವುದಿಲ್ಲ.

ನಿಮ್ಮ ಹಾಳೆಯೇನು ಕಡಿಮೆ ಕಾಡಲಿಲ್ಲ. ಮೊದಲ ದಿನ ಬಾಯಿಯವರ ಅಜ್ಜಿಯ ಫೋಟೋ ಹಾಕಿದೆವು. ಹಾಳೆ ಶಾಯಿ ಕುಡಿದು ಕುಡಿದು ಅಜ್ಜಿಯ ಮೂಗು ಕಿವಿಯವರೆಗೆ ಹರಡಿತು. ಆಮೇಲೆ ಬಾಯಿ ಅದಕ್ಕೊಂದು ಬಿಳಿ ಲೇಪ ಹಚ್ಚಲು ಕಲಿಸಿದರು. ತೆಳ್ಳಗೆ ಹಚ್ಚಿದರೆ ಶಾಯಿ ಹರಡುತ್ತದೆ, ದಪ್ಪಗೆ ಹಚ್ಚಿದರೆ ಒಣಗಿದ ಮೇಲೆ ಪುಡಿ ಉದುರಿ ಅದರ ಜೊತೆ ಹುಬ್ಬೂ ಉದುರುತ್ತದೆ. ಈಗ ಹದ ಸಿಕ್ಕಿದೆ. ಲೇಪ ಯಾವ ಮಗ್ಗುಲಿಗಿದೆ ಎಂದು ಗೊತ್ತಾಗದಿದ್ದರೆ ಬೆರಳು ಒದ್ದೆ ಮಾಡಿ ಮುಟ್ಟುತ್ತೇನೆ, ಲೇಪದ ಮಗ್ಗುಲು ಬೆರಳಿಗೆ ಅಂಟುತ್ತದೆ. ಹೊರದೇಶದ ಮಿರಿಮಿರಿ ಬಿಳಿ ಹಾಳೆಯೂ ಇದೆ. ಕಿಟಕಿಯ ಬಿಸಿಲಿಗಿಟ್ಟು ನೋಡಿದೆವು, ಅದು ಹಳದಿಯಾಯಿತು. ನಿಮ್ಮದು ಇದ್ದ ಹಾಗೇ ಇತ್ತು.

ಅದನ್ನು ಮೊದಲು ಇಷ್ಟಪಟ್ಟವರು ಯಾರು ಗೊತ್ತೇ? ಅಣ್ಣ ಕೆಲಸ ಮಾಡುವ ಕಾರ್ಖಾನೆಯ ಮಾಲೀಕರು. ಇಲ್ಲಿ ಎಲ್ಲರೂ ಅವರನ್ನು ಪಾತ್ರಾಂವ್ ಅನ್ನುತ್ತಾರೆ, ನಮ್ಮಲ್ಲಿ ಧಣಿ ಅಂದ ಹಾಗೆ. ಕೊರ್ಲಿಮಿನಲ್ಲಿ ಬಿಳಿ ಕಲ್ಲು ಅರೆಯುವ ಕಾರ್ಖಾನೆ ನಡೆಸುವವರಿಗೆ ಚಿತ್ರದ ಹುಚ್ಚು ಇಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ತಮ್ಮ ಕೆಲಸಗಾರರ ಫೋಟೋಗಳನ್ನು ತಂದಿದ್ದರು. ಬಹುಮಾನ ಕೊಡಲಿಕ್ಕಂತೆ. ಹೆಚ್ಚಿನವಕ್ಕೆ ಬಿಳಿ ಹಾಳೆಯೇ ಸಾಕೆಂದರು. ಲಾಲಪ್ಪ, ದೇವಲಪ್ಪ ಎಂಬ ಇಬ್ಬರದನ್ನು ಮಾತ್ರ ನಿಮ್ಮ ಹಾಳೆಯ ಮೇಲೆ ಮಾಡಲು ಹೇಳಿದರು. ಇಬ್ಬರೂ ಅಣ್ಣನ ಜೊತೆ ಪುಡಿ ತುಂಬುವ ಕಡೆ ಇರುವವರು. ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಬಾಯಿ ನೂರು ಎಂದರು. "ನೂರು ಸಾಕು" ಎಂದು ನಕ್ಕರು. ಬಹಳ ಮೆತ್ತಗಿನ ಮನುಷ್ಯ.

ಅಮ್ಮನಿಗೂ ಜೈತುನಬಿ ಅತ್ತಿಗೆಗೂ ಸಲಾಮು. ಅಣ್ಣ ಭಾನುವಾರ ಬಂದು ಹೋಗುತ್ತಾನೆ ಎಂದು ಅತ್ತಿಗೆಗೆ ಹೇಳಿ.

ನಿಮ್ಮ ಮಗಳು
ಮರಿಯಮ


ಗುಳೇದಗುಡ್ಡ
2 ಆಗಸ್ಟ್ 1998

ಮರಿಯಮಾ, ದುವಾ.

ನನ್ನ ಹಾಳೆಗೆ ಸುಣ್ಣ ಬಳಿಯುತ್ತೀರೇನು? ಓದಿ ನನ್ನ ಹೊಟ್ಟೆ ಉರಿಯಿತು. ಶಾಯಿ ಕುಡಿಯಿತಂತೆ! ಹತ್ತಿ ಕುಡಿಯದೆ ಇನ್ನೇನು ಮಾಡಬೇಕು? ದರ್ಜಿಗಳ ಅಂಗಡಿಯಿಂದ ಆರಿಸಿ ತಂದ ಅರಿವೆ ಚೂರನ್ನು ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕಲಸಿ, ಜರಡಿಯಿಂದ ಎತ್ತಿದ್ದು ಅದು. ಒಂದು ನೈಲಾನ್ ಎಳೆ ಸೇರಿದರೂ ನಾನು ಇಡೀ ತೊಟ್ಟಿ ಚೆಲ್ಲುವವನು. ಶೆಡ್ಡಿನಲ್ಲಿ ಎಲ್ಲರೂ ನನ್ನನ್ನು ಬೈಯುತ್ತಾರೆ, ಬೈಯಲಿ.

ಆಮೇಲೆ ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. ಬಿಸಿಲಿಗೆ ಹಳದಿಯಾಗಲಿಲ್ಲ ಎಂಬ ಸಾಲನ್ನು ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು, "ಹಾಳಿ ಸುದ್ದಿ ಸಾಕ್ರಿ, ಮಗಾ ಹೆಂಗದಾನ ಅನ್ನೂದ ಓದ್ರಿ" ಅಂದಳು. ಅದು ನಿನ್ನ ಕಾಗದದಲ್ಲಿ ಎಲ್ಲಿತ್ತು, ಓದಲಿಕ್ಕೆ?

ಆ ಮಾಲೀಕರಿಗೆ ನನ್ನ ಸಲಾಮು ಹೇಳು. ಹಾಳೆಯ ಬೆಲೆ ತಿಳಿದವರು ಈಗ ಸಿಗುವುದಿಲ್ಲ. ನಾನು ಹೋಗುತ್ತೇನೆ, ನೀನೂ ಹೋಗುತ್ತೀ, ಹಾಳೆ ಇರುತ್ತದೆ ಎಂದು ನಾನು ಯಾವಾಗಲೂ ಹೇಳುವುದನ್ನು ಅವರಿಗೂ ಹೇಳು. ನಿನ್ನ ಅಣ್ಣ ಸಿಕಂದರನಿಗೆ ಒಂದು ಸಾಲು ಬರೆಯಲು ಕೈ ನೋಯುತ್ತದೆಯೇ ಎಂದು ಕೇಳು. ಅವನ ಹೆಂಡತಿ ದಿನಾ ಅಂಚೆಯವನ ದಾರಿ ನೋಡುತ್ತಾಳೆ. ಅವಳಿಗೀಗ ನಾಲ್ಕು ತಿಂಗಳು.

ನಿನ್ನ ಅಬ್ಬಾ
ರಾಜಮಹ್ಮದ


ಪರ್ವರಿ
20 ಸೆಪ್ಟೆಂಬರ್ 1998

ಅಬ್ಬಾ ಅವರಿಗೆ ಸಲಾಮು.

ಲಾಲಪ್ಪ ತೀರಿಕೊಂಡ. ನಾನು ಹಿಂದೆ ಬರೆದ ಇಬ್ಬರಲ್ಲಿ ಒಬ್ಬ. ಮುವ್ವತ್ತೂ ದಾಟಿರಲಿಲ್ಲ. ಕೆಮ್ಮು ಬಂತು, ಸೊರಗಿದ, ಹೋದ. ಅಣ್ಣನ ಜೊತೆ ಕೊರ್ಲಿಮಿನ ಅವನ ಕೋಣೆಗೆ ಹೋಗಿದ್ದೆ.

ಗೋಡೆಯ ಮೇಲೆ ಅವನ ಫೋಟೋ ಇತ್ತು. ನಾನು ಲೇಪ ಹಚ್ಚಿದ್ದು, ನಿಮ್ಮ ಹಾಳೆ. ಅವನ ಹೆಂಡತಿ ಯಲ್ಲವ್ವ ಅದರ ಕೆಳಗೇ ಕೂತಿದ್ದಳು. "ಪಾತ್ರಾಂವ್ ಖುದ್ದ ಬಂದು ಹಾರಾ ಹಾಕಿ ಹ್ವಾದ್ರು ನೋಡವ್ವಾ. ಮಣ್ಣ ಮಾಡಿ ಬರೂದ್ರಾಗ ಫೋಟೋ ತಯಾರಿತ್ತು" ಅಂದಳು. ಅವಳಿಗೆ ಅದು ದೊಡ್ಡ ಮಾತಾಗಿತ್ತು. ಎಲ್ಲರಿಗೂ ಹೇಳುತ್ತಿದ್ದಳು.

ತಯಾರಿರದೆ ಏನು ಅಬ್ಬಾ? ಜುಲೈಯಲ್ಲೇ ಮಾಡಿ ಕೊಟ್ಟಿದ್ದೆವಲ್ಲ. ಆಗ ಲಾಲಪ್ಪ ದಿನಾ ಪಾಳಿಗೆ ಹೋಗುತ್ತಿದ್ದ.

ಇನ್ನೊಂದು ಮಾತಿದೆ. ಬಿಳಿ ಹಾಳೆಯ ಫೋಟೋಗಳ ಕೆಳಗೆ ಬರೀ ಹೆಸರು ಹಾಕಿಸಿದ್ದರು. ಈ ಇಬ್ಬರದರ ಕೆಳಗೆ ಹೆಸರು, ಹುಟ್ಟಿದ ವರ್ಷ, ಅದರ ಮುಂದೆ ಒಂದು ಸಣ್ಣ ಗೆರೆ. ಗೆರೆಯ ಮುಂದೆ ಜಾಗ ಖಾಲಿ ಬಿಡಲು ಪಾತ್ರಾಂವ್ ಹೇಳಿದ್ದರು. ಬಹುಮಾನದ ಹೆಸರು ಬರೆಯಲಿಕ್ಕಿರಬೇಕು ಎಂದುಕೊಂಡಿದ್ದೆ. ಲಾಲಪ್ಪನ ಗೋಡೆಯಲ್ಲಿ ಆ ಜಾಗ ತುಂಬಿತ್ತು. ಈ ವರ್ಷವನ್ನು, 1998 ಎಂದು, ಕರಿ ಶಾಯಿಯಲ್ಲಿ ಕೈಯಿಂದ ಅಂದವಾಗಿ ಬರೆದಿದ್ದರು.

ಬಾಯಿಯನ್ನು ಕೇಳಿದೆ. ಗಿರಾಕಿ ಹೇಳಿದ್ದನ್ನು ಮಾಡುವುದಷ್ಟೇ ನಮ್ಮ ಕೆಲಸ ಎಂದರು. ಆದರೆ ನನ್ನ ಮುಖ ನೋಡದೆ ಹೇಳಿದರು. ಬಿಳಿ ಹಾಳೆಯ ಮೇಲಿದ್ದವರೆಲ್ಲ ಆಫೀಸಿನವರು, ಗಾಡಿ ಓಡಿಸುವವರು. ಎಲ್ಲರೂ ಗಟ್ಟಿಯಾಗಿದ್ದಾರೆ, ಅಣ್ಣನನ್ನು ಕೇಳಿ ತಿಳಿದುಕೊಂಡೆ. ದೇವಲಪ್ಪ ಎಲ್ಲಿ ಎಂದೂ ಕೇಳಿದೆ. ಆರಾಮಿಲ್ಲ, ರಜೆ ಹಾಕಿದ್ದಾನೆ ಎಂದ.

ನನಗೆ ಹೆದರಿಕೆಯಾಗುತ್ತಿದೆ. ನೀವು ಬೈದರೂ ಪರವಾಗಿಲ್ಲ, ಏನಾದರೂ ಬರೆಯಿರಿ.

ಮರಿಯಮ


ಗುಳೇದಗುಡ್ಡ
11 ಅಕ್ಟೋಬರ್ 1998

ಮರಿಯಮಾ, ದುವಾ.

ಬೈಯುತ್ತೇನೆ, ತಾಳು. ಸಣ್ಣವಳಿದ್ದಾಗ ಹುಣಸೆ ಮರದಲ್ಲಿ ದೆವ್ವ ಕಂಡು ಇಡೀ ಓಣಿ ಎಬ್ಬಿಸಿದವಳು ನೀನು. ಹೋಗಿ ನೋಡಿದರೆ ಯಾರದೋ ಧೋತರ ಒಣಗಿಹಾಕಿತ್ತು. ಪಾಪ, ಲಾಲಪ್ಪ ಹೋದ, ಅಲ್ಲಾಹನ ಇಚ್ಛೆ. ಆ ಮಾಲೀಕರು ಬಹುಮಾನಕ್ಕೆ ಮಾಡಿಸಿದ ಫೋಟೋವನ್ನೇ ಕಡೆಗೆ ಗೋಡೆಗೆ ಕೊಟ್ಟರು. ಇದರಲ್ಲಿ ಹೆದರುವುದೇನಿದೆ?

ಈಗ ನಿಜವಾದ ಸುದ್ದಿ ಕೇಳು. ಸಿಕಂದರ ಕಡೆಗೂ ಕಾಗದ ಬರೆದ. ನಿನಗೆ ಹೇಳಿಲ್ಲವಂತೆ, ಈದ್ ಚಂದ್ರನ ಹಾಗೆ ತಾನೇ ಕಾಣಲಿ ಎಂದು ಮುಚ್ಚಿಟ್ಟಿದ್ದಾನೆ. ಹೋದ ತಿಂಗಳು ಕಾರ್ಖಾನೆಗೆ ಮತ್ತೆ ಎಕ್ಸರೇ ಗಾಡಿ ಬಂದು ಎಲ್ಲರ ಎದೆ ನೋಡಿ ಹೋಯಿತಂತೆ. ಅದಾದ ವಾರಕ್ಕೆ ಮಾಲೀಕರು ನಮ್ಮವನನ್ನು ಕರೆಸಿ, ಚಲೋ ಅಂಗಿ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸಿದರಂತೆ. ಅಷ್ಟು ಜನರಲ್ಲಿ ನನ್ನ ಮಗನನ್ನು!

ನಮ್ಮ ಮನೆಯಲ್ಲಿ ಗೋಡೆಗೆ ಫೋಟೋ ತೂಗುಹಾಕುವ ಪದ್ಧತಿ ಇಲ್ಲ, ನಿನಗೆ ಗೊತ್ತು. ನಮಾಜಿನ ಕೋಣೆಯಲ್ಲಂತೂ ಆಗದು. ಆದರೆ ಇದನ್ನು ಟ್ರಂಕಿನಲ್ಲಿಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಯಾರೇನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಕೇಳು, ನಾನೊಂದು ಕೆಲಸ ಮಾಡಿದೆ. ಸಿಕಂದರನ ಸಣ್ಣಂದಿನ ಅಂಗಿಗಳನ್ನು ನಿನ್ನ ಅಮ್ಮ ಗಂಟು ಕಟ್ಟಿ ಇಟ್ಟಿದ್ದಳಲ್ಲ, ಹುಟ್ಟುವ ಕೂಸಿಗೆ ಎಂದು. ಅದರಲ್ಲಿ ಹರಿದಿದ್ದವನ್ನು ಬೇಡಿಕೊಂಡು ಶೆಡ್ಡಿಗೆ ಒಯ್ದೆ. ಅವನು ಸುನ್ನತಿಗೆ ತೊಟ್ಟ ಬಿಳಿ ಜುಬ್ಬಾ, ಕನ್ನಡ ಶಾಲೆಯ ನೀಲಿ ಅಂಗಿ. ಚೂರು ಮಾಡಿ, ಕುಟ್ಟಿ, ಒಂದೇ ಒಂದು ದೊಡ್ಡ ಹಾಳೆ ಎತ್ತಿದೆ. ನೀಲಿ ಎಳೆ ಒಂದೆರಡನ್ನು ಬೇಕೆಂದೇ ಹಾಗೆ ಬಿಟ್ಟೆ, ಬಲಗಡೆಯ ಮೂಲೆಯಲ್ಲಿ ಕಾಣುತ್ತದೆ. ಮುವ್ವತ್ತು ವರ್ಷದಲ್ಲಿ ಇಂಥ ಹಾಳೆ ನನ್ನ ಕೈಯಿಂದ ಎದ್ದಿಲ್ಲ. ಅವನ ಫೋಟೋ ಇದರ ಮೇಲೇ ಆಗಬೇಕು. ಬೇರೆ ಯಾರ ಫೋಟೋಕ್ಕೂ ಇದನ್ನು ಬಳಸಬೇಡ.

ಅಳಿಯನ ಲಾರಿ ಈ ಕಡೆ ಬಂದಾಗ ಕೊಟ್ಟು ಕಳಿಸುತ್ತೇನೆ.

ನಿನ್ನ ಅಬ್ಬಾ
ರಾಜಮಹ್ಮದ


ಪರ್ವರಿ
22 ಅಕ್ಟೋಬರ್ 1998

ಅಬ್ಬಾ,

ಆ ಹಾಳೆ ಕಳಿಸಬೇಡಿ. ಕಾಲಿಗೆ ಬೀಳುತ್ತೇನೆ. ಅಲ್ಲೇ ಇಟ್ಟುಕೊಳ್ಳಿ, ಇಲ್ಲವೇ ಮತ್ತೆ ತೊಟ್ಟಿಗೆ ಹಾಕಿಬಿಡಿ.

ದೇವಲಪ್ಪ ಮೊನ್ನೆ ತೀರಿಕೊಂಡ. ಅವನ ಫೋಟೋವೂ ತಯಾರಿತ್ತು.

ಮರಿಯಮ


ಪರ್ವರಿ
15 ನವೆಂಬರ್ 1998

ಅಬ್ಬಾ ಅವರಿಗೆ ಸಲಾಮು.

ನನ್ನ ಕಾಗದ ನಿಮಗೆ ಮುಟ್ಟುವ ಮೊದಲೇ ನಿಮ್ಮ ಹಾಳೆ ಇಲ್ಲಿಗೆ ಬಂದಿತ್ತು. ಇವರು ಲಾರಿಯಿಂದ ಇಳಿಸಿ ಸೀದಾ ಸ್ಟುಡಿಯೋಕ್ಕೆ ಕೊಟ್ಟು ಬಂದಿದ್ದರು. ಅವರ ತಪ್ಪಲ್ಲ, ಅವರಿಗೆ ನಾನೇನೂ ಹೇಳಿರಲಿಲ್ಲ.

ಅದನ್ನು ನಾನು ಕಟ್ಟಿನ ತಳಕ್ಕೆ ಸೇರಿಸಿಟ್ಟೆ. ಬುಧವಾರ ಪಾತ್ರಾಂವ್ ಬಂದರು. ಅಣ್ಣನ ಫೋಟೋ ಅವರ ಕೈಯಲ್ಲಿತ್ತು. ಬಾಯಿ ಎಲ್ಲ ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು. ಪಾತ್ರಾಂವ್ ಅವರಿಗೆ ಅವಸರವೇ ಇಲ್ಲ ಅಬ್ಬಾ. ಸೀರೆ ಆರಿಸುವವರ ಹಾಗೆ ಒಂದೊಂದನ್ನೂ ಎತ್ತಿ, ಅಂಚು ಸವರಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಿಳಿಯದನ್ನು ನೋಡಲೇ ಇಲ್ಲ. ಕಡೆಗೆ ತಳದಲ್ಲಿದ್ದ ನಿಮ್ಮ ಹಾಳೆಗೆ ಕೈ ಹೋಯಿತು. ನೀಲಿ ಎಳೆಯ ಮೇಲೆ ಬೆರಳಾಡಿಸಿದರು. "ಇದರಲ್ಲಿ ಜೀವ ಇದೆ" ಎಂದು ಹಿಂದಿಯಲ್ಲಿ ಹೇಳಿದರು.

ನನಗೆ ತಡೆಯಲಾಗಲಿಲ್ಲ. "ಸಾಹೇಬ್, ಇವನು ನನ್ನ ಒಡಹುಟ್ಟಿದ ಅಣ್ಣ. ಇವನಿಗೆ ಬಿಳಿ ಹಾಳೆಯದನ್ನೇ ಮಾಡಿಸಿ" ಎಂದೆ.

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು. "ಬಿಳಿಯದು ಬೇಗ ಹಳದಿಯಾಗುತ್ತದೆ ಮಗಳೇ. ನಿನ್ನ ಅಣ್ಣನಿಗೆ ಒಳ್ಳೆಯದೇ ಸಿಗಲಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ಲೇಪ ಹಚ್ಚು ಎಂದರು ಬಾಯಿ. ಕೈ ನೋಯುತ್ತದೆ ಎಂದು ಹೊರಗೆ ಹೋದೆ. ಅವರೇ ಹಚ್ಚಿದರು. ಕೆಳಗೆ ಏನು ಬರೆಯುವುದೆಂದು ನಾನು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಕಂಡಿತು. ಅಣ್ಣನ ಹೆಸರು, 1970, ಗೆರೆ.

ಇವತ್ತು ಭಾನುವಾರ, ಅಣ್ಣ ಬಂದಾಗ ಎಲ್ಲ ಹೇಳಿದೆ. ಎಕ್ಸರೇಯಲ್ಲಿ ರೋಗ ಕಂಡರೂ ಪಾತ್ರಾಂವ್ ಕೆಲಸಗಾರರಿಗೆ ಹೇಳುವುದಿಲ್ಲ, ಕಂಡವರ ಫೋಟೋವನ್ನು ಮಾತ್ರ ಬಾಳುವ ಹಾಳೆಯ ಮೇಲೆ ಮಾಡಿಸಿಡುತ್ತಾರೆ ಎಂದೆ. ನಕ್ಕ. "ಹುಚ್ಚಿ ಅದಿ ನೀ. ಆ ಮನಶಾ ದೇವರಂಥಾವ" ಅಂದ. ನನ್ನ ಎಕ್ಸರೇ ಕೊಡಿ ಎಂದು ಅವರನ್ನು ಕೇಳು ಎಂದೆ. "ಕೇಳಿದ್ರ ಕೆಲಸಾ ಹೋಕ್ಕೈತಿ, ಕೂಸು ಬರಾಕತ್ತೈತಿ ಮನ್ಯಾಗ" ಅಂದ. ಅಷ್ಟಕ್ಕೇ ಜಗಳವಾಯಿತು. ಉಣ್ಣದೆ ಎದ್ದು ಹೋದ. ನಮ್ಮ ಕೋಣೆಯ ಮೆಟ್ಟಿಲು ಇಳಿಯುವಾಗ ನಡುವೆ ಗೋಡೆ ಹಿಡಿದು ನಿಂತ. ಹತ್ತುವಾಗ ನಿಂತರೆ ಸರಿ, ಇಳಿಯುವಾಗ ಯಾರಾದರೂ ನಿಲ್ಲುತ್ತಾರೆಯೇ?

ಈಗಲೂ ಧೋತರ ಎನ್ನುತ್ತೀರಾ ಅಬ್ಬಾ?

ಮರಿಯಮ


ಗುಳೇದಗುಡ್ಡ
24 ನವೆಂಬರ್ 1998

ಮರಿಯಮಾ,

ಇಲ್ಲ, ಎನ್ನುವುದಿಲ್ಲ. ನಿನ್ನ ಕಾಗದವನ್ನು ಮನೆಯಲ್ಲಿ ಯಾರಿಗೂ ಓದಿ ಹೇಳಿಲ್ಲ.

ನಾನು ಮಾಡಿದ ಹಾಳೆ. ನಾನೇ ಕಳಿಸಿದೆ.

ಇದರ ಜೊತೆ ಸಿಕಂದರನಿಗೆ ಒಂದು ಕಾಗದ ಇಟ್ಟಿದ್ದೇನೆ, ಕೊಡು. ಅದರಲ್ಲಿರುವುದು ನಿಜವಲ್ಲ. ನನ್ನ ಕಾಲು ನೆಟ್ಟಗಿದೆ.

ಅಬ್ಬಾ


ಗುಳೇದಗುಡ್ಡ
24 ನವೆಂಬರ್ 1998

ಸಿಕಂದರಾ, ದುವಾ.

ಶೆಡ್ಡಿನಲ್ಲಿ ಜಾರಿ ಬಿದ್ದು ನನ್ನ ಕಾಲು ಮುರಿದಿದೆ. ನಿಲ್ಲಲು ಆಗುವುದಿಲ್ಲ. ತೊಟ್ಟಿಯಲ್ಲಿ ನೆನೆಸಿದ್ದು ಕೊಳೆಯುತ್ತಿದೆ, ಹಾಳೆ ಎತ್ತುವವರಿಲ್ಲ. ನಿನ್ನ ಹೆಂಡತಿಯ ಮೈಯೂ ಭಾರವಾಗಿದೆ, ಅವಳಿಂದ ನನ್ನ ಸೇವೆ ಮಾಡಿಸಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ನಿನ್ನನ್ನು ಇಲ್ಲಿಯವರೆಗೆ ಏನೂ ಕೇಳಿಲ್ಲ. ಕೆಲಸ ಬಿಟ್ಟು ಬಾ. ಬಹುಮಾನ ಯಾರಾದರೂ ತೆಗೆದುಕೊಳ್ಳಲಿ.

ನಿನ್ನ ಅಬ್ಬಾ
ರಾಜಮಹ್ಮದ


ಪರ್ವರಿ
18 ಡಿಸೆಂಬರ್ 1998

ಅಬ್ಬಾ ಅವರಿಗೆ ಸಲಾಮು.

ಅಣ್ಣ ಇವತ್ತು ಹೊರಟ. ಈ ಕಾಗದವನ್ನು ಇವರ ಕೈಯಲ್ಲೇ ಕೊಟ್ಟಿದ್ದೇನೆ, ಅಣ್ಣ ಇಳಿದ ಮೇಲೆ ನಿಮಗೆ ಕೊಡುತ್ತಾರೆ. ನಿಮ್ಮ ಕಾಲಿನ ಸುದ್ದಿ ಓದಿ ಅತ್ತುಬಿಟ್ಟ. ನಾನು ಹೇಳಿದ್ದಕ್ಕೆ ನಕ್ಕವನು ನಿಮ್ಮ ಸುಳ್ಳನ್ನು ಕೂಡಲೇ ನಂಬಿದ. ನಿಮ್ಮನ್ನು ಕಂಡ ಮೇಲೆ ಸಿಟ್ಟಾಗುತ್ತಾನೆ. ಆಗಲಿ. ಮೊದಲು ಬಾಗಲಕೋಟೆಯ ಡಾಕ್ಟರಿಗೆ ತೋರಿಸಿ.

ಲಾರಿ ಹತ್ತಲು ಇವರು ಹಿಂದಿನಿಂದ ಎತ್ತಬೇಕಾಯಿತು. ಸ್ನಾನ ಮಾಡಿ ಬಂದಿದ್ದ, ಆದರೂ ಕಿವಿಯ ಸಂದಿಯಲ್ಲಿ ಬಿಳಿ ಪುಡಿ ಇತ್ತು. ಸೆರಗಿನಿಂದ ಒರೆಸಿದೆ.

ನಾನು ಸ್ಟುಡಿಯೋ ಬಿಟ್ಟೆ. ಲೆಕ್ಕ ಮುಗಿಸಲು ಹೋದಾಗ ಬಾಯಿ ತಾವಾಗಿಯೇ ಹೇಳಿದರು. ಅಣ್ಣನ ಫೋಟೋವನ್ನು ಪಾತ್ರಾಂವ್ ಬಂದು ಒಯ್ದರಂತೆ. ಅವನು ಕೆಲಸ ಬಿಟ್ಟದ್ದು ಅವರಿಗೆ ಗೊತ್ತಿತ್ತಂತೆ. ಬೇಸರ ಪಟ್ಟುಕೊಂಡು ಊರಿನ ವಿಳಾಸ ಕೇಳಿದರಂತೆ. ಹಾಳೆಯ ಕಟ್ಟಿನ ಮೇಲೆ ನೀವು ಬರೆದ ವಿಳಾಸ ಇತ್ತಲ್ಲ, ಬಾಯಿ ಅದನ್ನೇ ಕೊಟ್ಟರು.

ಏನಾದರೂ ಬಂದರೆ ಅಣ್ಣನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಮರಿಯಮ


ಗುಳೇದಗುಡ್ಡ
28 ಫೆಬ್ರವರಿ 1999

ಮರಿಯಮಾ, ದುವಾ.

ಬಹಳ ದಿನ ಬರೆಯಲಿಲ್ಲ. ನಿನ್ನ ಕಾಗದಗಳೆಲ್ಲ ಮುಟ್ಟಿವೆ. ಜೈತುನಬಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಅಳಿಯ ಹೇಳಿರಬೇಕು. ತಾಯಿ, ಕೂಸು ಇಬ್ಬರೂ ಆರಾಮ.

ಬಾಗಲಕೋಟೆಯ ಡಾಕ್ಟರು ಎಕ್ಸರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ನಾನೂ ದಿನಾ ಹಾಳೆಯನ್ನು ಹಾಗೇ ಹಿಡಿದು ನೋಡುವವನು, ಎಲ್ಲಿ ಗಂಟು ಕೂತಿದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಎದೆಯ ಎರಡೂ ಕಡೆ ತುಂಬಿತ್ತು. ಕಲ್ಲಿನ ಪುಡಿ ಅಲ್ಲೇ ಕೂತುಬಿಟ್ಟಿದೆ, ತೆಗೆಯಲು ಬರುವುದಿಲ್ಲ ಎಂದರು. ಎಷ್ಟು ದಿನ ಎಂದು ಕೇಳಿದೆ. ಅವನನ್ನು ದುಡಿಸಬೇಡಿ ಎಂದಷ್ಟೇ ಹೇಳಿದರು.

ನನ್ನ ಕಾಲು ನೆಟ್ಟಗಿರುವುದನ್ನು ಕಂಡೂ ಅವನು ಸಿಟ್ಟಾಗಲಿಲ್ಲ. ಆವತ್ತೇ ಅವನಿಗೆ ಎಲ್ಲ ಗೊತ್ತಾಗಿರಬೇಕು. ಈಗ ಶೆಡ್ಡಿನ ಬಾಗಿಲಲ್ಲಿ ಕೂತು ಚಿಂದಿ ಆರಿಸಿ ಕೊಡುತ್ತಾನೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಾನೆ, ಕೆಮ್ಮು ಬಂದರೆ ತಾಯಿಗೆ ಕೊಟ್ಟು ಬಿಸಿಲಿಗೆ ಎದ್ದು ಹೋಗುತ್ತಾನೆ.

ನೀನು ಹೇಳಿದ ಎಚ್ಚರ ನನ್ನಿಂದ ಆಗಲಿಲ್ಲ. ಗುರುವಾರ ನಾನು ತೊಟ್ಟಿಯಲ್ಲಿ ಮೊಣಕೈಯವರೆಗೆ ಮುಳುಗಿದ್ದಾಗ ಪಾರ್ಸಲು ಬಂತು. ಅಂಚೆಯವನು ಹೊಸಬ. ಬಾಗಿಲಲ್ಲಿ ಕೂತವನನ್ನೇ, "ಸಿಕಂದರ ಅವರ ಮನಿಯವ್ರು ಯಾರ್ರಿ?" ಎಂದು ಕೇಳಿದ.

"ನಾನಽ ಸಿಕಂದರ್ರಿ" ಅಂದ ನಮ್ಮವನು.

ಅಂಚೆಯವನು ವಿಳಾಸವನ್ನು ಮತ್ತೊಮ್ಮೆ ಓದಿದ. 'ಸಿಕಂದರ ಅವರ ಕುಟುಂಬಕ್ಕೆ' ಎಂದಿತ್ತು. ಸಹಿ ಮಾಡಿಸಿಕೊಂಡು ಕೊಟ್ಟು ಹೋದ.

ನಾನು ಒದ್ದೆ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಅವನು ಬಿಚ್ಚಿದ್ದ. ತೇಗದ ಚೌಕಟ್ಟು. ಜೊತೆಗೆ ಗಂಧದ ಚಕ್ಕೆಯ ಹಾರ, ಗೋಡೆಗೆ ಹೊಡೆಯಲು ಮೊಳೆ. ಫೋಟೋ ಎಷ್ಟು ಚೆನ್ನಾಗಿ ಬಂದಿದೆ ಎಂದರೆ, ಅವನು ಆ ಅಂಗಿಯಲ್ಲಿ ಅಷ್ಟು ತುಂಬಿಕೊಂಡಿದ್ದನೇ ಎಂದು ನನಗೇ ಅನುಮಾನ ಬಂತು. ಬಲಗಡೆಯ ಮೂಲೆಯಲ್ಲಿ ನೀಲಿ ಎಳೆ. ಕೆಳಗೆ ಹೆಸರು, ವರ್ಷ, ಗೆರೆ. ಮುಂದಿನ ಜಾಗವನ್ನು ಖಾಲಿಯೇ ಬಿಟ್ಟಿದ್ದಾರೆ, ನಾವು ಬರೆದುಕೊಳ್ಳಲಿ ಎಂದು.

ನಾನು ಚೌಕಟ್ಟಿನಿಂದ ಹಾಳೆ ಕಿತ್ತು ತೆಗೆದೆ. ತೊಟ್ಟಿಗೆ ಎಸೆದು ಕಲಸಿಬಿಡೋಣ ಎಂದು ಕೈ ಎತ್ತಿದೆ. ಅವನ ಮುಖ ಮೇಲಾಗಿತ್ತು ಮರಿಯಮಾ. ನೀರಿಗೆ ಹಾಕಲು ಕೈ ಬರಲಿಲ್ಲ.

ಸಿಕಂದರ ನನ್ನ ಕೈಯಿಂದ ಅದನ್ನು ಇಸಿದುಕೊಂಡ. ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆಯ ಅಂಚನ್ನು ಮುಟ್ಟಿದ, ನೀನು ಮಾಡುತ್ತೀ ಎಂದು ಬರೆದಿದ್ದ ಹಾಗೆಯೇ. ಅಂಟಿತು. "ಚಲೋ ಹಚ್ಯಾರ" ಅಂದ. ಆಮೇಲೆ ಕೇಳಿದ, "ಅಬ್ಬಾ, ಇದು ಎಷ್ಟ ವರ್ಷಾ ಬಾಳ್ತೈತ್ರಿ?"

ಅವನ ಹಿಂದೆ ಜೈತುನಬಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ಎಲ್ಲೀದೋ ಮಗನ" ಅಂದೆ. "ಹರಕ ಅಂಗಿ ಕುಟ್ಟಿ ಮಾಡಿದ್ದು. ಬರೂ ಮಳಿಗಾಲಾ ದಾಟೂದಿಲ್ಲ ಅದು."

"ಹಂಗಾದ್ರ ಅದಕಿಂತಾ ನಾನಽ ಗಟ್ಟಿ" ಎಂದು ನಕ್ಕ. ಕೆಮ್ಮು ಬಂದು ಆ ನಗುವೂ ಪೂರ್ತಿ ಆಗಲಿಲ್ಲ.

ಇದು ನಾನು ಅವನಿಗೆ ಹೇಳಿದ ಎರಡನೆಯ ಸುಳ್ಳು. ಮೊದಲನೆಯದನ್ನು ನಂಬಿದ್ದ. ಇದನ್ನು ನಂಬಲಿಲ್ಲ.

ಹಾಳೆಯನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. ನಿನ್ನೆ ಯಾರೂ ಇಲ್ಲದಾಗ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಗಂಟಿಲ್ಲ, ಒಂದು ತೆಳುವಿಲ್ಲ. ನನ್ನ ಜೀವಮಾನದಲ್ಲೇ ಚಲೋ ಎದ್ದ ಹಾಳೆ ಅದು.

ಸಾಧ್ಯವಾದರೆ ಬೇಗ ಬಾ.

ನಿನ್ನ ಅಬ್ಬಾ
ರಾಜಮಹ್ಮದ